ಎರವಲು ದನಿ

"ಕಾಡಿಂದ ದನಿ ಎಷ್ಟು ಬೇಕಾದ್ರೂ ತಗೊಂಡು ಹೋಗಿ ಸಾರ್. ಆದ್ರೆ ತಗೊಂಡಿದ್ದನ್ನ ಕಾಡಿಗೇ ತಿರುಗಿ ಕೇಳಿಸಬೇಡಿ."

ಕಾವಲಿನಕ್ಕ ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿದಳು. ಮಳೆಕಾಡಿಗೆ ಬರುವವರಿಗೆ ದಾರಿ ತೋರಿಸುವ ಕಾವಲುಗಾರ್ತಿ ಅವಳು. ಕಾಡಂಚಿನ ತಂಗುಮನೆಯ ಅಡುಗೆಕೋಣೆಯಲ್ಲಿ ನಿಂತೂ ಅವಳ ದನಿ ಏರುತ್ತಿರಲಿಲ್ಲ.

ಶಬ್ದಗ್ರಾಹಕ ನಕ್ಕ. ಹದಿನಾಲ್ಕು ವರ್ಷಗಳಿಂದ ಅವನು ಮಾಡುತ್ತ ಬಂದದ್ದೇ ಅದು. ಹಕ್ಕಿಯ ಕೂಗನ್ನು ದೂರದಿಂದ ಮುದ್ರಿಸಿಕೊಳ್ಳುವುದು, ಅದನ್ನೇ ಪುಟ್ಟ ಸ್ಪೀಕರಿನಲ್ಲಿ ಮತ್ತೆ ನುಡಿಸುವುದು. ತನ್ನ ಜಾಗಕ್ಕೆ ಇನ್ಯಾವುದೋ ಹಕ್ಕಿ ನುಗ್ಗಿತೆಂದು ಸಿಟ್ಟಾಗಿ ಅದು ಹತ್ತಿರ ಬರುತ್ತದೆ, ಮೈಕಿನ ಎದುರೇ ಗಂಟಲು ಹರಿದುಕೊಳ್ಳುತ್ತದೆ. ಈ ಕಾಡಿನ ನೀಲಿ ಎದೆಯ ಹಕ್ಕಿಯ ದನಿ ಇನ್ನೂ ಯಾರ ಸಂಗ್ರಹದಲ್ಲೂ ಇರಲಿಲ್ಲ. ಅದಕ್ಕೆಂದೇ ಅವನು ಬಂದಿದ್ದ.

"ಕೇಳಿಸಿದ್ರೆ ಏನಾಗುತ್ತೆ ಅಕ್ಕಾ? ಕಾಡು ಕೇಸ್ ಹಾಕುತ್ತಾ?"

ಅಕ್ಕ ನಗಲಿಲ್ಲ. "ಹಿಂದೆ ಬೇಟೆಯವರು ಮರಿ ದನೀಲಿ ಕೂಗಿ ತಾಯಿ ಜಿಂಕೇನ ಕರೆದು ಹೊಡೀತಿದ್ರು. ಒಬ್ಬ ತಮಾಷೆಗೆ ಅಂತ ಒಂದು ಹೆಂಗಸಿನ ದನಿ ಮಾಡಿ ಅವಳ ಮಗೂನ ಕರೆದ. ಅಮ್ಮನ ದನಿ ಅಂತ ಮಗು ಕಾಡೊಳಗೆ ಹೋಯ್ತು. ಬರಲಿಲ್ಲ. ಆ ಹೆಂಗಸಿಗೆ ಮಾಟ ಗೊತ್ತಿತ್ತು ಸಾರ್. ತನ್ನ ನಾಲಗೆ ತಾನೇ ಕೊಯ್ದು ಹಿರಿಮರದ ಪೊಟರೇಲಿ ಇಟ್ಟಳು. ಅವತ್ತಿಂದ ಇಲ್ಲಿ ಇನ್ನೊಬ್ಬರ ದನೀಲಿ ಕರೆದ್ರೆ ಆ ದನಿ ಅವಳದಾಗುತ್ತೆ. ಎಲ್ಲಾ ಕೂಡಿಡ್ತಾಳೆ. ಯಾವುದಾದ್ರೂ ಒಂದು ದನಿಗೆ ಮಗು ಓಗೊಟ್ಟೀತು ಅಂತ."

ಒಲೆಯ ಮುಂದೆ ಅಕ್ಕನ ಗಂಡ ಬೆನ್ನು ಮಾಡಿ ನಿಂತಿದ್ದ. ತಂಗುಮನೆಯ ಅಡುಗೆಯವನು, ಮೂಗ. ಶಬ್ದಗ್ರಾಹಕ ಅವನತ್ತ ಬೆರಳು ತೋರಿಸಿ ನಕ್ಕ. "ಯಜಮಾನ್ರ ದನೀನೂ ಅವಳೇ ಎತ್ತಿಕೊಂಡು ಹೋದ್ಲಾ? ಗಂಡಸರು ಮೂಗರಾಗೋಕೆ ಮಾಟ ಯಾಕಕ್ಕಾ, ಮದುವೆ ಸಾಲ್ದಾ?"

ಅಡುಗೆಯವನ ಕೈಯ ಸೌಟು ಪಾತ್ರೆಯಲ್ಲೇ ನಿಂತುಬಿಟ್ಟಿತು.

ಕಾಡಿನೊಳಗೆ ಹೊರಗಿನ ಬಿಸಿಲಿಗೆ ಪ್ರವೇಶವೇ ಇರಲಿಲ್ಲ. ನಡುಮಧ್ಯಾಹ್ನವೂ ಹಸಿರು ಕತ್ತಲು. ಕೊಳೆತ ಎಲೆ, ಅಣಬೆ, ಒದ್ದೆ ಮಣ್ಣಿನ ವಾಸನೆ ಬಾಯಿಯೊಳಗೇ ಕೂತಂತಿತ್ತು. ಜಿಗಣೆಗಳು ಕಾಲುಚೀಲದ ಹೆಣಿಗೆಯಲ್ಲಿ ತೂರಿ ಬರುತ್ತಿದ್ದವು. ಮೇಲೆಲ್ಲೋ ಕೋತಿಗಳ ಹಿಂಡು ಕೊಂಬೆ ಮುರಿಯುತ್ತ ದಾಟಿತು. ಜೀರುಂಡೆಗಳ ಸದ್ದು ಗರಗಸದಂತೆ ಕಿವಿಯನ್ನು ಕೊಯ್ಯುತ್ತಿತ್ತು. ಅಕ್ಕ ಮುಂದೆ, ಅವನು ಹಿಂದೆ. ಮಾತಿಲ್ಲ. ಬೇಕಾದಾಗ ಅವಳು ಎರಡು ಮರದ ತುಂಡು ತಟ್ಟಿ ಕರೆಯುತ್ತಿದ್ದಳು.

ಒಂದು ಬಂಡೆಯ ಬಳಿ ಹಕ್ಕಿ ಕೂಗಿತು. ತೆಳ್ಳಗೆ, ದೂರದಲ್ಲಿ. ಅವನು ಮುದ್ರಿಸಿಕೊಂಡ. ಅಕ್ಕ ಬಗ್ಗಿ ಕಾಲಿನ ಜಿಗಣೆ ಕೀಳುತ್ತಿದ್ದಾಗ ಸ್ಪೀಕರಿನ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಬೆರಳು ಒದ್ದೆಯಾಗಿತ್ತು. ಪರದೆಯ ಮೇಲಿನ ಮುದ್ರಣಗಳ ಪಟ್ಟಿ ಒಂದು ಸಾಲು ಜಾರಿತು.

"ಅಪ್ಪಾ, ನಾನು ಗುಬ್ಬಿ! ಬೇಗ ಬಾ. ಬಂದು ಕತೆ ಹೇಳು."

ಅವನ ಆರು ವರ್ಷದ ಮಗಳು. ಹೊರಡುವ ದಿನ ಚೀಲ ಕಟ್ಟುತ್ತಿದ್ದಾಗ ಯಂತ್ರವನ್ನು ಕಸಿದುಕೊಂಡು ಕೂಗಿದ್ದಳು.

ಜೀರುಂಡೆಗಳೆಲ್ಲ ಒಟ್ಟಿಗೇ ನಿಂತವು.

ಅಕ್ಕ ತಲೆಯೆತ್ತಿದಳು. ಮುಖ ಬೂದಿಯಾಗಿತ್ತು.

"ಅಪ್ಪಾ, ನಾನು ಗುಬ್ಬಿ!" ಈ ಸಲ ದನಿ ಬಂದದ್ದು ಮರದ ನೆತ್ತಿಯಿಂದ. ಮತ್ತೆ ಎಡಗಡೆಯಿಂದ. ಮತ್ತೆ ಇನ್ನೂ ಆಳದಿಂದ. "ಬೇಗ ಬಾ... ಬೇಗ ಬಾ..."

"ಅಣಕಿಸೋ ಹಕ್ಕಿ ಇರ್ತಾವೆ ಅಕ್ಕಾ," ಎಂದ ಅವನು. ಅಷ್ಟರಲ್ಲಿ ಜೇಬಿನ ಫೋನು ನಡುಗಿತು. ಹೆಂಡತಿ.

"ರೀ, ಗುಬ್ಬಿಗೆ ಏನೋ ಆಗಿದೆ ರೀ! ಊಟ ಮಾಡ್ತಾ ಮಾಡ್ತಾ ಮಾತು ನಿಂತ್ಹೋಯ್ತು. ಅಳ್ತಿದಾಳೆ, ಅಳೋ ಸದ್ದೇ ಇಲ್ಲ. ಉಸಿರು ಎಳೀತಿದಾಳೆ. ಡಾಕ್ಟರಿಗೂ ತಿಳೀತಿಲ್ಲ. ಏನ್ ಮಾಡ್ಲಿ ರೀ, ಹೇಳಿ!"

ಅವನು ಅಕ್ಕನ ಕಾಲು ಹಿಡಿದ. "ಬಿಡಿಸು ಅಕ್ಕಾ. ತಪ್ಪಾಯ್ತು. ನಕ್ಕಿದ್ದು ತಪ್ಪಾಯ್ತು. ಏನು ಬೇಕಾದ್ರೂ ಕೊಡ್ತೀನಿ."

"ಮೊದಲು ದನಿ ಎತ್ತಿಕೊಳ್ತಾಳೆ. ಹೊತ್ತು ಮುಳುಗಿದ ಮೇಲೆ ಉಸಿರು," ಎಂದಳು ಅಕ್ಕ. "ದನಿ ಬೇಕು ಅಂದ್ರೆ ದನೀನೇ ಕೊಡಬೇಕು ತಮ್ಮಾ. ಮನಸಾರೆ ಕೊಟ್ಟವರ ಉಸಿರಿಗೆ ಅವಳು ಕೈ ಹಾಕಲ್ಲ. ಮದುವೆ ಹೊಸತರಲ್ಲಿ ನಮ್ಮ ಮನೆಯವರು ತಮಾಷೆಗೆ ನನ್ನ ದನೀಲಿ ಕೂಗಿದ್ರು, ಇಲ್ಲೇ. ಆಮೇಲೆ ತಮ್ಮದು ಕೊಟ್ಟು ನನ್ನದು ಬಿಡಿಸಿದ್ರು."

ಅವಳ ಮಾತು ಮುಗಿಯುವ ಮೊದಲೇ ಬಳ್ಳಿಗಳ ಆಚೆಯಿಂದ ಒಂದು ಗಂಡುದನಿ ಕೇಳಿತು. ಮೃದುವಾಗಿ, ಮನೆಯ ಪಡಸಾಲೆಯಿಂದ ಕೇಳಿದ ಹಾಗೆ. "ಊಟ ಆಯ್ತೇನೇ?"

ಅಕ್ಕ ಕಣ್ಣು ಮುಚ್ಚಿಕೊಂಡಳು. "ಹದಿನಾರು ವರ್ಷ. ದಿನಾ ಕೇಳುತ್ತೆ. ಒಂದು ದಿನವೂ ಓಗೊಟ್ಟಿಲ್ಲ."

ಓಡಿದರು. ಬೇರಿಗೆ ಕಾಲು ಎಡವಿತು. ಬಳ್ಳಿ ಕುತ್ತಿಗೆಗೆ ತೊಡರಿತು. ಗುಬ್ಬಿಯ ದನಿ ಒಮ್ಮೆ ಮುಂದೆ, ಒಮ್ಮೆ ಬೆನ್ನಿಗೆ. ಹಿರಿಮರ ಬಂತು. ಬುಡವೇ ಒಂದು ಮನೆಯಷ್ಟಿತ್ತು. ಪೊಟರೆಯಿಂದ ಹಸಿ ಮಾಂಸದ ವಾಸನೆ.

"ಬಾಯಿ ಒಡ್ಡಿ. ನಿಮ್ಮ ಮಗು ನಿಮ್ಮ ಬಾಯಲ್ಲಿ ಏನು ಕೇಳೋಕೆ ಇಷ್ಟಪಡುತ್ತೋ ಅದನ್ನ ಹೇಳಿ."

ಕತೆ. ಮಲಗುವ ಮುಂಚಿನ ಕತೆ. ಅವನು ಪೊಟರೆಗೆ ಬಾಯಿಟ್ಟ.

"ಒಂದೂರಲ್ಲಿ ಒಂದು ಗುಬ್ಬಿಮರಿ ಇತ್ತು. ಅದಕ್ಕೆ ಮನೆ ದಾರಿ ತಪ್ಪಿತ್ತು..."

ಹೇಳಿದ ಮಾತು ಬಾಯಿಂದ ಕಿತ್ತು ಹೋಗುತ್ತಿತ್ತು. ಹಲ್ಲು ಕಿತ್ತಂತೆ. ಬೇರುಸಹಿತ. ಅವನು ನಿಲ್ಲಿಸಲಿಲ್ಲ. ಗಂಟಲು ಉರಿಯಿತು. ನಾಲಗೆಗೆ ರಕ್ತದ ಉಪ್ಪು ತಗುಲಿತು. ಕತ್ತಲು ಇಳಿಯುತ್ತಿತ್ತು. ಅಪ್ಪ ಗುಬ್ಬಿ ಕೊಂಬೆ ಮೇಲೆ ಕೂತು ಕರೆಯಿತು. ಮರಿ ಕೇಳಿಸಿಕೊಂಡಿತು. ಇನ್ನೊಂದು ಮಾತು. ಇನ್ನೊಂದೇ. "ಮನೆಗೆ..." ಎಂದ. "ಬಂತು" ಎಂಬುದಕ್ಕೆ ಬರೀ ಗಾಳಿ ಹೊರಟಿತು.

ಜೀರುಂಡೆಗಳು ಮತ್ತೆ ಶುರುವಾದವು.

ಸಿಗ್ನಲ್ ಸಿಗುವ ಬಂಡೆಗೆ ಮರಳಿದಾಗ ಫೋನಿನಲ್ಲಿ ಗುಬ್ಬಿ ಗಟ್ಟಿಯಾಗಿ ಅಳುತ್ತಿದ್ದಳು. ಅಷ್ಟು ಸುಖದ ಸದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. "ಅಪ್ಪಾ, ಮಾತಾಡು! ಅಪ್ಪಾ?" ಅವನು ಫೋನನ್ನು ಕೆನ್ನೆಗೆ ಒತ್ತಿಕೊಂಡು ನಿಂತ.

"ಆ ಯಂತ್ರ, ಅದರೊಳಗಿನದೆಲ್ಲಾ ಇಲ್ಲೇ ಬಿಟ್ಟು ಬನ್ನಿ," ಎಂದಿದ್ದಳು ಅಕ್ಕ, ಪೊಟರೆಯ ಮುಂದೆಯೇ. ಯಂತ್ರ ಚೀಲದಲ್ಲಿ ತನ್ನಷ್ಟಕ್ಕೆ ಮುದ್ರಿಸಿಕೊಳ್ಳುತ್ತಲೇ ಇತ್ತು, ಕೆಂಪು ದೀಪ ಹೊತ್ತಿಸಿಕೊಂಡು. ಅವನು ಅದನ್ನು ಪೊಟರೆಯಲ್ಲಿಟ್ಟಿದ್ದ. ಆದರೆ ಉಗುರಿನಷ್ಟಗಲದ ಮೆಮೊರಿ ಕಾರ್ಡನ್ನು ಬೆರಳುಗಳು ತಾವಾಗಿಯೇ ಎಳೆದು ಅಂಗಿಯ ಜೇಬಿಗೆ ಸೇರಿಸಿದ್ದವು. ಮುದ್ರಿಸಿಕೊಂಡದ್ದನ್ನು ಹಿಂದೆ ಬಿಟ್ಟುಬರುವವನು ಆ ಕಸುಬಿನಲ್ಲಿ ಇಲ್ಲ. ಅದರಲ್ಲೂ ಅದರೊಳಗೆ ಇದ್ದದ್ದು ಅವನ ಕೊನೆಯ ಮಾತು.

ಮನೆಯಲ್ಲಿ ಎರಡು ದಿನ ಚೀಟಿ ಬರೆದು, ಕೈಸನ್ನೆ ಮಾಡಿ ಕಳೆದ. ಗುಬ್ಬಿ ಮಾತ್ರ ಇಬ್ಬರ ಪಾಲಿನದನ್ನೂ ತಾನೇ ಮಾತಾಡುತ್ತಿದ್ದಳು. ಮೂರನೆಯ ಸಂಜೆ ಅವನ ಮಡಿಲಿಗೆ ಹತ್ತಿ, ಅವನ ತುಟಿಗಳನ್ನು ಬೆರಳಿಂದ ಬಿಡಿಸಿ ನೋಡಿದಳು. "ಒಂದೇ ಒಂದು ಕತೆ ಅಪ್ಪಾ. ಪುಟ್ಟದು."

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಮೇಜಿನ ಮೇಲಿದ್ದ ಹಳೆಯ ಯಂತ್ರಕ್ಕೆ ಕಾರ್ಡು ಹಾಕಿದ.

"ಒಂದೂರಲ್ಲಿ ಒಂದು ಗುಬ್ಬಿಮರಿ ಇತ್ತು."

ಮಗಳ ಮುಖ ಅರಳಿತು. ಅವನ ಕಣ್ಣು ತುಂಬಿತು. ಕತೆ ಮುಂದುವರಿಯಿತು. ಅಪ್ಪ ಗುಬ್ಬಿ ಕೊಂಬೆ ಮೇಲೆ ಕೂತಿತು. ಕರೆಯಿತು. ಆಮೇಲೆ ಅವನು ಹೇಳದೇ ಇದ್ದ ಮಾತು ಬಂತು, ಅವನದೇ ದನಿಯಲ್ಲಿ.

"ಬಾ ಗುಬ್ಬೀ. ಮರದೊಳಗೆ ಬೆಚ್ಚಗಿದೆ. ಬಾಗಿಲು ತೆಗೆದು ಬಾ."

ತಂತಿ ಕಿತ್ತ. ದನಿ ನಿಲ್ಲಲಿಲ್ಲ. ಕಾರ್ಡನ್ನು ಮುರಿದ. ದನಿ ಈಗ ಕಿಟಕಿಯಾಚೆ ಇತ್ತು. ಕೋಣೆಯ ತುಂಬ ಕೊಳೆತ ಎಲೆಯ ವಾಸನೆ. ಅಡುಗೆಮನೆಯಲ್ಲಿ ನೀರಿನ ಸದ್ದು. ಕೂಗಬೇಕು. ಹೆಂಡತಿಯನ್ನು ಕರೆಯಬೇಕು. ಬಾಯಿ ತೆರೆದ. ಗಾಳಿ. ಬರೀ ಗಾಳಿ.

"ಬಂದೇ ಅಪ್ಪಾ!" ಎಂದಳು ಗುಬ್ಬಿ, ಕಿಟಕಿಯತ್ತ ತಿರುಗಿ.

ಬಾಗಿಲ ಚಿಲಕಕ್ಕೆ ಅವಳ ಕೈ ಹೋಯಿತು. ಅವನು ಹಾರಿ ಹಿಡಿದುಕೊಂಡ. ಎದೆಗೆ ಅಪ್ಪಿಕೊಂಡ. ಅವಳು ಕೊಸರಿದಳು, ಪರಚಿದಳು, ತಿರುಗಿ ಅವನ ಮುಖ ನೋಡಿದಳು. ಬಾಯಿ ತೆರೆದುಕೊಂಡು ಸದ್ದಿಲ್ಲದೆ ಒದರುತ್ತಿದ್ದ ಆ ಮುಖ ಅವಳಿಗೆ ಗುರುತಾಗಲಿಲ್ಲ.

"ಬಿಡಿ ನನ್ನ!" ಎಂದು ಚೀರಿದಳು. "ನಮ್ಮಪ್ಪ ಕರೀತಿದಾನೆ!"