ಒಂಬತ್ತನೆಯ ಚೀಲದ ಉಸಿರು

"ಎಂಟನೇ ಚೀಲದಲ್ಲಿ ನಿಮ್ಮ ಅಕ್ಕ ಮೊಟ್ಟೆ ತಿಂದಿದ್ದಾರೆ, ಹತ್ತನೇದ್ರಲ್ಲೂ ತಿಂದಿದ್ದಾರೆ. ಒಂಬತ್ತನೇದ್ರಲ್ಲಿ ಮಾತ್ರ ತಿಂದೇ ಇಲ್ಲ. ಇದು ಹೇಗೆ ಸ್ವಾಮಿ?" ಎಂದಳು ಡಾಕ್ಟರ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಎದುರಿಗೆ ನಿಂತಿದ್ದ ತಮ್ಮ ಸೈಕಲ್ ರಿಪೇರಿಯವನು. ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವವನು ಅವನು. ಇಂದು ಅವನೇ ಗುಳ್ಳೆ ಬಿಟ್ಟು ಸಿಕ್ಕಿಬಿದ್ದಿದ್ದ.

ಅಕ್ಕನಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಕೈಕೊಡುವ ರೋಗ. ಒಂದು ಕೆಮ್ಮಿಗೆ ಇಡೀ ಕ್ಲಾಸನ್ನು ಸುಮ್ಮನಾಗಿಸುತ್ತಿದ್ದ ಟೀಚರ್ ಅವಳು. ಈಗ ಒಂದೇ ಬೆರಳಿನಿಂದ ಫೋನಿನಲ್ಲಿ ಟೈಪ್ ಮಾಡುತ್ತಿದ್ದಳು, ಫೋನು ಅದನ್ನು ಓದಿ ಹೇಳುತ್ತಿತ್ತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಿದ್ದಳು. "ಬದುಕೋ ಮನಸ್ಸಿದ್ರೆ ತಿಂತಿದ್ಲು. ಎಲ್ಲಾ ಹಠ," ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕನಿಗೆ ಕಾಯಿಲೆಗಿಂತ ಆ ಮಾತೇ ಹೆಚ್ಚು ಚುಚ್ಚುತ್ತಿತ್ತು. ತೂಕವಂತೂ ತಿಂಗಳು ತಿಂಗಳೂ ಇಳಿಯುತ್ತಿತ್ತು.

ಈ ಕಾಯಿಲೆಯವರ ಹೊಟ್ಟೆಯೂ ನಿಧಾನವಾಗುತ್ತದೆಯೇ ಎಂಬುದೇ ಡಾಕ್ಟರ್ ಮಾಡುತ್ತಿದ್ದ ಸಂಶೋಧನೆ. ಗುರುತಿನ ಪದಾರ್ಥ ಬೆರೆಸಿದ ಮೊಟ್ಟೆ ತಿನ್ನಿಸಿ, ಕಾಲು ಗಂಟೆಗೊಮ್ಮೆ ಒಂದು ಚೀಲಕ್ಕೆ ಊದಿಸುತ್ತಿದ್ದಳು. ಒಟ್ಟು ನಾಲ್ಕು ಗಂಟೆ, ಹದಿನಾರು ಚೀಲ. ಆಹಾರ ಹೊಟ್ಟೆ ದಾಟಿ ಮುಂದೆ ಹೋದ ಹಾಗೆಲ್ಲ ಆ ಗುರುತು ಉಸಿರಿನಲ್ಲಿ ಕಾಣುತ್ತಿತ್ತು. ಒಂಬತ್ತನೆಯ ಸಲ ಅಕ್ಕನ ತುಟಿ ಸೋತು ಗಾಳಿಯೆಲ್ಲ ಪಕ್ಕದಿಂದ ಸೋರಿತು, ಅವಳ ಕಣ್ಣು ತುಂಬಿತು. ಡಾಕ್ಟರ್ ಆಗಷ್ಟೇ ಫೋನ್ ಬಂತೆಂದು ಹೊರಗೆ ಹೋಗಿದ್ದಳು. ಈ ತಮ್ಮ ಮಹಾನುಭಾವ ಚೀಲ ತೆಗೆದುಕೊಂಡು ತಾನೇ ಊದಿಬಿಟ್ಟಿದ್ದ.

"ಆ ಉಸಿರು ನಿಮ್ಮದು," ಎಂದಳು ಡಾಕ್ಟರ್, ಈಗ ಅವನತ್ತ ತಿರುಗಿ.

"ನನ್ನದೇ ಅಂತ ಹೇಗೆ ಹೇಳ್ತೀರ?"

"ಕಿವಿ ಕೆಂಪಾಗಿದೆ."

"ಅಕ್ಕ ಅಳ್ತಿದ್ಲು ಮೇಡಂ. ನೋಡೋಕಾಗ್ಲಿಲ್ಲ."

ಡಾಕ್ಟರ್ ಮುಖ ಒಂದು ಗಳಿಗೆ ಸಡಿಲವಾಯಿತು, ಮತ್ತೆ ಬಿಗಿಯಿತು. "ಹೊಟ್ಟೆ ತುಂಬಿತು ಅಂತ ನಿಮ್ಮ ಅಕ್ಕ ಹೇಳ್ತಿರೋದು ನಿಜ ಅಂತ ತೋರಿಸೋಕೆ ನಾನು ಒದ್ದಾಡ್ತಿದ್ದೀನಿ. ಒಂದು ಚೀಲ ಸುಳ್ಳಾದ್ರೆ ಮಿಕ್ಕ ಹದಿನೈದನ್ನ ಯಾರು ನಂಬ್ತಾರೆ?"

ಚೀಲಗಳಿಗೆ ನಂಬರ್ ಬರೆದ ಮಾರ್ಕರಿನ ನೀಲಿ ಅವಳ ಗಲ್ಲಕ್ಕೆ ಅಂಟಿತ್ತು. ಬೈಸಿಕೊಳ್ಳುವವನು ತಲೆ ತಗ್ಗಿಸಬೇಕು ತಾನೇ? ಇವನು ಅದನ್ನೇ ನೋಡುತ್ತಾ ನಿಂತಿದ್ದ.

"ಇನ್ನೊಂದು ಸಲ ಮಾಡಿ ಮೇಡಂ. ಅವಳಿಗೆ ಊದೋ ಶಕ್ತಿ ಇದೆ, ಗಾಳಿ ಸೋರ್ತಿದೆ ಅಷ್ಟೇ. ಸೋರೋದನ್ನ ನಿಲ್ಲಿಸೋದು ನನ್ನ ಕಸುಬು."

ಆ ವಾರವೆಲ್ಲ ಸಂಜೆ ಡಾಕ್ಟರ್ ಸೈಕಲ್ ಶಾಪಿಗೆ ಬಂದಳು. ಮೂಗು ಬಾಯಿ ಮುಚ್ಚಿ ಚೀಲಕ್ಕೆ ಊದಿಸುವ ಆಸ್ಪತ್ರೆಯ ಮಾಸ್ಕಿನ ಅಂಚಿಗೆ ಅವಳು ತಂದ ಮೆತ್ತನೆಯ ರಬ್ಬರನ್ನು ಅವನು ಅಂಟಿಸಿದ. ಅವಳು ಸ್ಟೂಲಿನ ಮೇಲೆ ಕುಳಿತು ಅದನ್ನು ತನ್ನ ಮುಖಕ್ಕೇ ಹಿಡಿದು ನೋಡಿದಳು.

"ಇಲ್ಲಿ ಸೋರ್ತಿದೆ."

"ಎಲ್ಲಿ?"

ಅವನ ಬೆರಳನ್ನು ಹಿಡಿದು ತನ್ನ ಕೆನ್ನೆಯ ಅಂಚಿಗೆ ಇಟ್ಟಳು. "ಇಲ್ಲಿ."

ಸೋರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮರುಪರೀಕ್ಷೆಯ ದಿನ ಅಕ್ಕ ಹದಿನಾರೂ ಚೀಲ ತಾನೇ ತುಂಬಿಸಿದಳು. ಕೊನೆಯದು ಉಬ್ಬುವಾಗ ತಮ್ಮನೂ ಉಸಿರು ಬಿಗಿಹಿಡಿದಿದ್ದ. ಫಲಿತಾಂಶ ಬಂದಾಗ ಡಾಕ್ಟರ್ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆರೆಗಳನ್ನು ತೋರಿಸಿದಳು.

"ನೋಡಿ ಅಮ್ಮ, ಅರ್ಧ ತಿಂಡಿ ಹೊಟ್ಟೆ ದಾಟೋಕೆ ಇವರಿಗೆ ಬೇರೆಯವರಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹೊತ್ತು ಬೇಕು. ಇದು ಹಠ ಅಲ್ಲ. ಮೂರು ಹೊತ್ತು ತಟ್ಟೆ ತುಂಬಾ ಬೇಡ, ಆರು ಹೊತ್ತು ಸ್ವಲ್ಪ ಸ್ವಲ್ಪ ಮೆತ್ತಗೆ ಮಾಡಿ ಕೊಡಿ."

ಅಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡು ಅತ್ತರು. ಅಮ್ಮನ ತೋಳಿನ ಕೆಳಗಿಂದಲೇ ಅಕ್ಕನ ಬೆರಳು ಆಡಿತು. "ನಾನು ಮೊದಲೇ ಹೇಳಿದ್ದೆ," ಎಂದಿತು ಫೋನು. "ಎಲ್ಲರೂ ನೂರು ಸಲ ಬರೀರಿ."

ಎರಡು ತಿಂಗಳ ನಂತರ ಅಕ್ಕನನ್ನು ತೂಕದ ಕುರ್ಚಿಯಲ್ಲಿ ಕೂರಿಸಿದರು. ಎಂಟುನೂರು ಗ್ರಾಂ ಏರಿತ್ತು. ಡಾಕ್ಟರ್ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಆಮೇಲೆ ಅವಳ ದನಿ ಇಳಿಯಿತು.

"ಅಧ್ಯಯನದಲ್ಲಿ ಇವರ ಭಾಗ ಇವತ್ತಿಗೆ ಮುಗೀತು. ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ."

ಸೈಕಲ್ ರಿಪೇರಿಯವನು ಶುಭ್ರವಾಗಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ.

"ಬಾಯಿ ಬಿಡೋ," ಎಂದಿತು ಅಕ್ಕನ ಫೋನು. "ನನ್ನ ಬಾಯಿ ಬಿದ್ದುಹೋಗಿದೆ. ನಿನಗೇನು ಬಂದಿದೆ?"

"ಮೇಡಂ," ಎಂದ ಅವನು. "ನೀವು ಶಾಪಿಗೆ ಬರದ ಸಂಜೆ ನನಗೆ ಕೈಯೇ ಓಡಲ್ಲ. ನನಗೆ ನೀವಂದ್ರೆ ತುಂಬಾ ಇಷ್ಟ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಡಾಕ್ಟರ್ ಡ್ರಾಯರ್ ಎಳೆದು, ಗಾಳಿ ತೆಗೆದು ನೀಟಾಗಿ ಮಡಚಿದ್ದ ಒಂದು ಚೀಲವನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಒಂಬತ್ತು ಎಂದು ಬರೆದಿತ್ತು.

"ಹಾಳಾದ ಸ್ಯಾಂಪಲ್ ಬಿಸಾಕಬೇಕು ಅಂತ ರೂಲ್ಸ್," ಎಂದಳು, ಈ ಸಲ ಕೆಂಪಾದದ್ದು ಅವಳ ಕಿವಿ. "ಇದನ್ನ ಬಿಸಾಕೋಕೆ ನನಗೂ ಮನಸ್ಸು ಬರ್ಲಿಲ್ಲ."

ಅವನು ಮೇಜಿನ ಮೇಲಿದ್ದ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಅಮ್ಮ ಏನೂ ನೋಡದವರಂತೆ ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು.

ಅಕ್ಕನ ಬೆರಳು ಮತ್ತೆ ಆಡಿತು. "ಅಮ್ಮ, ಹಸಿವಾಗ್ತಿದೆ," ಎಂದಿತು ಫೋನು.

ಅಮ್ಮ ಡಬ್ಬಿಯ ಮುಚ್ಚಳ ತೆಗೆದರು.