ಕಂದು ಕುದುರೆಯ ಬೆನ್ನು

"ಅಕ್ಕಾ, ಆ ಕುದುರೆ ಬೆನ್ನಿನ ಚರ್ಮ ಕಿತ್ತುಹೋಗಿದೆ. ತಗೊಳ್ಳಲೋ ಬಿಡಲೋ, ನೀನೇ ಬಂದು ನೋಡಿ ಹೇಳು."

ಸವಾರಿ ಮಾಸ್ತರ ಬಾಗಿಲಲ್ಲಿ ನಿಂತೇ ಅಂಗಲಾಚಿದ. ಪೊಲೀಸ್ ಇಲಾಖೆಯಲ್ಲಿ ಕೂದಲು ನೆರೆಸಿಕೊಂಡು ಬಂದ ಅಕ್ಕ ಚಪ್ಪಲಿ ಮೆಟ್ಟಿದಳು. ನಿವೃತ್ತಿಯ ಮೇಲೂ ಅವಳು ಕೈಗೆತ್ತಿಕೊಂಡ ಪ್ರತಿ ಕೇಸಿಗೂ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುತ್ತಿದವನು ಈ ತಮ್ಮನೇ.

ಸವಾರಿ ಶಾಲೆ ಮುಚ್ಚುವುದರಲ್ಲಿತ್ತು. ಕಂದು ಹೆಣ್ಣುಕುದುರೆಯನ್ನು ಮಾಸ್ತರನಿಗೇ ಮಾರುವುದಾಗಿ ಯಜಮಾನ ಮಾತು ಕೊಟ್ಟಿದ್ದ. ಅದನ್ನಿಟ್ಟುಕೊಂಡು ಸ್ವಂತ ಶಾಲೆ ತೆರೆಯುವ ಆಸೆ ಮಾಸ್ತರನಿಗೆ. ಮಾತು ಮುಗಿದ ಬೆನ್ನಿಗೇ ಕುದುರೆಯ ಎಡಮೈಯ ಕೂದಲು ಉದುರಿ, ಚರ್ಮ ಕೆಂಪಗೆ ಬಿರಿದಿತ್ತು.

"ಗಜಕರ್ಣ ಇರಬೇಕು. ಮುಲಾಮು ಹಚ್ಚಿದರೆ ಹೋಗುತ್ತೆ," ಎಂದ ಯಜಮಾನ, ಲಾಯದಲ್ಲಿ ಅಕ್ಕನಿಗೆ ಗಾಯ ತೋರಿಸುತ್ತ.

ಅಕ್ಕ ಲಾಯ ನೋಡಿಕೊಳ್ಳುವ ಮುದುಕನ ಕಡೆ ತಿರುಗಿದಳು. "ಮೈ ಉಜ್ಜೋ ಬ್ರಶ್ ಎಷ್ಟಿವೆ?"

"ಒಂದೇ ಅಮ್ಮಾ. ಮೂರು ಕುದುರೆಗೂ ಅದೇ."

ಮುದುಕ ಬ್ರಶ್ ಹಿಡಿದ ಕೈ ಎತ್ತಿ ತೋರಿಸಿದ; ಕಂದು ಕುದುರೆ ಅದರತ್ತ ಮೂತಿ ಚಾಚಿತು. ಉಳಿದೆರಡರ ಮೈ ಮಿರಮಿರ ಮಿಂಚುತ್ತಿತ್ತು. ಕಂದು ಕುದುರೆಯ ಗಾಯದಿಂದ ಸಣ್ಣ ಗೆರೆಗಳು ಹೊಟ್ಟೆಯತ್ತ ಇಳಿದಿದ್ದವು. ಅದರ ಎಡಕ್ಕೆ ಎದೆಮಟ್ಟದ ಗೋಡೆ, ಗೋಡೆಯಾಚೆ ಓಣಿ.

"ಕುದುರೆ ಹೋದರೆ ಮುದುಕನ ಕೆಲಸವೂ ಹೋಗುತ್ತೆ. ಇವನದ್ದೇ ಕೈವಾಡ," ಎಂದು ಮಾಸ್ತರ ಪಿಸುಗುಟ್ಟಿದ.

ಅಷ್ಟರಲ್ಲಿ ಓಣಿಯಲ್ಲಿ ಮಾಸ್ತರನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮಗಳು ಇದೇ ಕಂದು ಕುದುರೆಯಿಂದ ಬಿದ್ದಂದಿನಿಂದ ಅವಳು ಲಾಯದೊಳಗೆ ಕಾಲಿಟ್ಟಿರಲಿಲ್ಲ. ದಿನವೂ ಗೋಡೆಯ ಮೇಲಿಂದಲೇ ಡಬ್ಬಿ ಕೊಡುತ್ತಿದ್ದಳು. ಅವಳು ಕೈ ಎತ್ತಿದ್ದೇ ತಡ, ಕುದುರೆ ಕಿವಿ ಮಡಚಿ ಬಲಕ್ಕೆ ಒತ್ತಿಕೊಂಡಿತು. ಅವಳ ನೀಲಿ ರವಿಕೆಯ ತೋಳಿನ ಅಂಚಿನಲ್ಲಿ ಬಿಳಿಚಿದ ಚುಕ್ಕೆಗಳಿದ್ದವು.

"ಬಟ್ಟೆ ಬಣ್ಣ ಬಿಟ್ಟಿದೆಯಲ್ಲ," ಎಂದಳು ಅಕ್ಕ.

"ಹಳೇದು ಅತ್ತಿಗೆ."

ಮರುದಿನ ಅಕ್ಕ ಎಲ್ಲರನ್ನೂ ಲಾಯಕ್ಕೆ ಕರೆಸಿದಳು.

"ಇದು ಕಾಯಿಲೆ ಅಲ್ಲ. ಅಂಟುರೋಗ ಆಗಿದ್ರೆ ಅದೇ ಬ್ರಶ್ಶಿಂದ ಬೇರೆ ಕುದುರೆಗೂ ಬರ್ತಿತ್ತು. ಗೆರೆಗಳು ಕೆಳಗಿಳಿದಿವೆ, ಅಂದ್ರೆ ಯಾರೋ ಏನೋ ಸುರಿದಿದ್ದಾರೆ. ಗಾಯ ಗೋಡೆ ಕಡೆ ಮಾತ್ರ ಇದೆ, ಅಂದ್ರೆ ಆಚೆಯಿಂದ ಸುರಿದಿದ್ದಾರೆ. ಯಜಮಾನರು ತಮ್ಮ ಮಾಲು ತಾವೇ ಕೆಡಿಸ್ಕೊಳ್ಳಲ್ಲ. ಮುದುಕ ಇಡೀ ದಿನ ಒಳಗೇ ಇರ್ತಾನೆ, ಅವನಿಗೆ ಓಣಿಗೆ ಹೋಗೋ ಅಗತ್ಯ ಇಲ್ಲ. ಅವನು ಕೈ ಎತ್ತಿದ್ರೆ ಕುದುರೆ ಮೂತಿ ಚಾಚುತ್ತೆ, ಹೆದರಲ್ಲ." ಅಕ್ಕನ ದನಿ ತಗ್ಗಿತು. ಅವಳು ತಮ್ಮನ ಹೆಂಡತಿಯತ್ತ ನೋಡಿದಳು. "ಬಚ್ಚಲು ತೊಳೆಯೋ ಆಸಿಡ್ ಬಟ್ಟೆ ಮೇಲೂ ಗುರುತು ಬಿಡುತ್ತೆ ಕಣಮ್ಮ."

ಮಾಸ್ತರ ಹೆಂಡತಿಯತ್ತ ತಿರುಗಿದ. "ನೀನಾ? ಆ ಮೂಕಪ್ರಾಣಿ ನಿನಗೇನು ಮಾಡಿತ್ತು?"

"ಏನೂ ಮಾಡಿಲ್ಲ. ಅದರದ್ದೇನೂ ತಪ್ಪಿಲ್ಲ ಅಂತ ನೀವೇ ನೂರು ಸಲ ಹೇಳಿದೀರಿ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಮಗಳು ಇವತ್ತಿಗೂ ಗೋಡೆ ಹಿಡ್ಕೊಂಡು ನಡೀತಾಳೆ. ಅವಳ ಕಿಟಕಿ ಕೆಳಗೇ ಇದನ್ನ ಕಟ್ತೀನಿ ಅಂದ್ರಿ. ಬೇಡ ಅಂತ ಅತ್ತು ಬೇಡಿಕೊಂಡೆ. ನೀವು ಗೂಟ ಹೊಡೀತಾ ಇದ್ರಿ. ಅವಳು ಬಿದ್ದಾಗ್ಲೂ ನೀವು ಮೊದಲು ಓಡಿಹೋಗಿ ಹಿಡ್ಕೊಂಡಿದ್ದು ಇದರ ಲಗಾಮು."

ಬೆದರಿದ ಕುದುರೆ ಮಗುವನ್ನು ತುಳಿಯದಿರಲಿ ಎಂದು ಹಿಡಿದೆ ಎನ್ನಲು ಮಾಸ್ತರ ಬಾಯಿ ತೆರೆದ. ಅದು ನಿಜವೋ ಅಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಅಕ್ಕನ ಮುಖ ನೋಡಿದ.

"ಗಾಯ ಹೇಗಾಯ್ತು ಅಂತ ಹೇಳಿದೀನಿ. ತಗೊಳ್ಳೋದು ಬಿಡೋದು ಇನ್ನು ನನ್ನ ಕೇಳಬೇಡ," ಎಂದಳು ಅವಳು.

"ತಗೊಳ್ಳಲ್ಲ," ಎಂದ ಮಾಸ್ತರ ಹೆಂಡತಿಗೆ. "ಬೇಡ. ಬಿಟ್ಟೆ."

ಹೆಂಡತಿ ಅವನ ಮುಖ ನೋಡಲಿಲ್ಲ. ಅವನ ಬಲಗೈ, ಅವನಿಗೆ ಅರಿವೇ ಇಲ್ಲದೆ, ಕುದುರೆಯ ಗಾಯಕ್ಕೆ ಮುತ್ತುತ್ತಿದ್ದ ನೊಣಗಳನ್ನು ಮೆಲ್ಲಗೆ ಅಟ್ಟುತ್ತಿತ್ತು. ಅವಳು ಆ ಕೈಯನ್ನೇ ನೋಡಿ, ಒಬ್ಬಳೇ ಹೊರಟುಹೋದಳು.