ಗೋಡೆಗೊಂದು ಗುಂಡಿ

ಮುಖ್ಯಮಂತ್ರಿ ಹಲಗಲಿಯವರು ಹುಟ್ಟುಹಬ್ಬದ ಭಾಷಣದ ನಡುವೆ, ಕೊರಳಿಗೆ ಹಾರ ಹಾಕಿಕೊಂಡು, ಕೈಮುಗಿದು ಕಣ್ಣು ಮುಚ್ಚಿದರು. ಅದೇ ಕ್ಷಣಕ್ಕೆ ರಾಜ್ಯದ ಅಷ್ಟೂ ಮನೆಗಳ ಗೋಡೆಗಳು ಗಪ್‌ಚುಪ್ಪಾದವು. ಚಿತ್ರ ಅಲ್ಲೇ ನಿಂತಿತು, ದನಿ ಅಡಗಿತು. ಗದಗಿನಲ್ಲಿ ಶಾಂಭವಿಯ ಚಿಗವ್ವ ನೀಲವ್ವ, "ಅಬ್ಬಾ! ಜೀವ ಬಂತು ನೋಡವಾ," ಎಂದವಳೇ ಗೊರಕೆ ಹೊಡೆಯತೊಡಗಿದಳು.

2061ರಲ್ಲಿ ಟಿ.ವಿ. ಎಂದರೆ ಮನೆಯ ಗೋಡೆಯೇ. ಸರ್ಕಾರ ಅದನ್ನು ಮನೆಮನೆಗೂ ಪುಕ್ಕಟೆ ಹಾಕಿಸಿಕೊಟ್ಟಿತ್ತು; ಆಫ್ ಮಾಡುವ ಗುಂಡಿಯೊಂದನ್ನು ಮಾತ್ರ ಕೊಟ್ಟಿರಲಿಲ್ಲ. ಹಾಳಾದದ್ದು ಹಗಲೂ ರಾತ್ರಿ ಒದರುತ್ತಿತ್ತು. ನಿದ್ದೆಗೆಟ್ಟು ಚಿಗವ್ವ ತಲೆತಿರುಗಿ ಬಿದ್ದಾಗ, ಸಾಕಿ ಬೆಳೆಸಿದ ಚಿಕ್ಕಮ್ಮ ಕಣ್ಣೆದುರೇ ಸಾಯುತ್ತಾಳೆಂದು ಶಾಂಭವಿ ಹೆದರಿದಳು. ಅವಳು ಉಪಗ್ರಹಗಳ ವಿಜ್ಞಾನಿ. ಒಂದೇ ತರಂಗಾಂತರದಲ್ಲಿ ಎರಡು ಸಂಕೇತಗಳು ಮೇಲೇರಿದರೆ ಉಪಗ್ರಹ ಬಲವಾದದ್ದನ್ನೇ ಹಿಡಿದು ಕೆಳಗೆ ಗೋಡೆಗಳಿಗೆ ಕಳಿಸುತ್ತದೆ ಎಂದು ಬಲ್ಲವಳು. ರೊಟ್ಟಿ ಬುಟ್ಟಿಯಷ್ಟಿದ್ದ ಅವಳ ಯಂತ್ರ ಮೇಲಕ್ಕೆ ಕಳಿಸಿದ್ದು ಬರೀ ಖಾಲಿ ಸಂಕೇತ. ಕಳ್ಳ ಪ್ರಸಾರವೇ, ಆದರೆ ಅದರಲ್ಲಿ ಮೌನ ಬಿಟ್ಟರೆ ಬೇರೇನೂ ಇರಲಿಲ್ಲ.

ಹತ್ತು ನಿಮಿಷ ಸಾಕೆಂದುಕೊಂಡಿದ್ದಳು. ಆದರೆ ಆ ಮೌನ ಎಷ್ಟು ಹಿತವಾಗಿತ್ತೆಂದರೆ, ಯಂತ್ರ ಆರಿಸದೆ ತಾನೂ ಮಲಗಿಬಿಟ್ಟಳು! ಸಂಕೇತದ ಜಾಡು ಹಿಡಿದು ಬಂದ ಪೊಲೀಸರೇ ಅವಳನ್ನು ಎಬ್ಬಿಸಿದರು. ಕಳ್ಳ ಪ್ರಸಾರಕ್ಕೆ ಜೀವಾವಧಿ ಶಿಕ್ಷೆ. ಚಿಗವ್ವನಿಗೆ ಇನ್ನು ಯಾರು ದಿಕ್ಕು ಎಂದು ದಾರಿಯುದ್ದಕ್ಕೂ ಪೊಲೀಸರನ್ನೇ ಕೇಳಿದಳು.

ಬೆಂಗಳೂರಿನಲ್ಲಿ ಅವಳನ್ನು ನೇರ ಮುಖ್ಯಮಂತ್ರಿಯವರ ಕೋಣೆಗೇ ಕರೆತಂದರು. ಹಲಗಲಿಯವರು ಕೈಯಲ್ಲೊಂದು ಟವೆಲ್ ಹಿಡಿದು ಕೂತಿದ್ದರು.

"ಕುಂಡ್ರವಾ," ಎಂದರು. "ನಾ ಸ್ಟುಡಿಯೋದಾಗ ಭಾಷಣಾ ಮುಗಿಸಿ ಪಕ್ಷದ ಕಚೇರಿಗೆ ಬಂದ್ರ, ಎಲ್ಲಾರೂ ತಲಿ ಬಗ್ಗಿಸಿ ನಿಂತಾರ! ಗ್ವಾಡಿ ಮ್ಯಾಲೆ ಹಾರ ಹಾಕಿದ ನನ್ನ ಚಿತ್ರ, ಮಾತಿಲ್ಲ ಕತಿಯಿಲ್ಲ. ನಾ ಸತ್ತೇನಂತ ತಿಳಕೊಂಡು ಮೌನಾಚರಣಿ ನಡಿಸ್ಯಾರ. ಖರೇ ಏನಂತ ಕೇಳಾಕ ಒಬ್ಬನಿಗೂ ಧೈರ್ಯ ಇಲ್ಲ."

"ಯಾರಾರ ಅತ್ತರೇನ್ರಿ?"

"ಅಡಿಗಿ ಮಲ್ಲವ್ವ ಒಬ್ಬಾಕಿ. ನನ್ನ ಬಲಗೈ ಬಂಟ ಫಕೀರಗೌಡ ಏನ್ ಮಾಡ್ಯಾನ ಗೊತ್ತೈತೇನು? ಬಸ್ಸಿನಾಗ ಸೀಟು ಹಿಡಿದಂಗ ನನ್ನ ಕುರ್ಚಿ ಮ್ಯಾಲೆ ಟವೆಲ್ ಹಾಕ್ಯಾನ!"

ಶಾಂಭವಿಗೆ ನಗು ತಡೆಯಲಾಗಲಿಲ್ಲ. ಮುಖ್ಯಮಂತ್ರಿಯವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮುಂದಕ್ಕೆ ಬಾಗಿದರು.

"ಆ ಯಂತ್ರಾ ನನಗ ಕೊಡು. ವಿರೋಧ ಪಕ್ಷದವರ ಬಾಯಿ ಮುಚ್ಚಸೂಣು. ನಿನ್ನ ಮ್ಯಾಲಿನ ಕೇಸ್ ಇವತ್ತ ವಾಪಸ್."

ಹೂಂ ಎಂದರೆ ಮನೆ, ಇಲ್ಲವೆಂದರೆ ಜೈಲು.

"ಬ್ಯಾಡ್ರಿ ಸಾಹೇಬ್ರ," ಎಂದಳು. "ನಾಳೆ ಅದು ಫಕೀರಗೌಡ್ರ ಕೈಗೆ ಸಿಕ್ಕರ, ನೀವು ಜೀವಂತ ಇರೂವಾಗನ ಗ್ವಾಡಿ ಮ್ಯಾಲೆ ನಿಮ್ಮನ್ನ ಸಾಯಿಸಿಬಿಡ್ತಾರ. ಅದನ್ನ ಒಡದು ಹಾಕ್ರಿ. ಮನಿಮನಿಗೆ ಬಂದ್ ಮಾಡೋ ಗುಂಡಿ ಕೊಡ್ರಿ, ನಮ್ಮ ಚಿಗವ್ವಗ ನಿದ್ದಿ ಬಂದ್ರ ಸಾಕು."

ಹಲಗಲಿಯವರು ಟವೆಲನ್ನು ಮಡಚಿ ಪಕ್ಕಕ್ಕಿಟ್ಟರು. "ಯಂತ್ರಾ ಒಡಸ್ತೀನಿ, ಕೇಸೂ ವಾಪಸ್. ಹೋಗವಾ, ನಿಮ್ಮ ಚಿಗವ್ವನ್ನ ನೋಡಿಕೋ ಹೋಗು," ಎಂದರು. ಹೊರಗೆ ಬಂದ ಶಾಂಭವಿ ಮೆಟ್ಟಿಲ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತಳು.

ಮುಂದಿನ ತಿಂಗಳು ಮನೆಮನೆಯ ಗೋಡೆಗೂ ಕೆಂಪು ಗುಂಡಿ ಬಂತು. ನೀಲವ್ವ ಅದನ್ನು ಒತ್ತಿ, ಕೌದಿ ಹೊದ್ದಳು.

"ಹೆಂಗೈತಿ ಚಿಗವ್ವಾ, ನಾ ತರಿಸಿದ ಹೊಸಾ ಗುಂಡಿ?" ಶಾಂಭವಿ ಹೆಮ್ಮೆಯಿಂದ ಕೇಳಿದಳು.

"ಹೊಸಾದೇನಲ್ಲ ಬಿಡವಾ. ನಾ ಸಣ್ಣಾಕಿ ಇದ್ದಾಗ ಎಲ್ಲಾರ ರಿಮೋಟಿನ ಮ್ಯಾಲೂ ಇಂಥಾದ ಇತ್ತು," ಎಂದಳು ಚಿಗವ್ವ, ಆಕಳಿಸುತ್ತ. "ಯಾರೂ ಒತ್ತಲಿಲ್ಲ. ಯಾರಿಗೂ ಬ್ಯಾಡಾಗೈತಿ ಅಂತ ತಗದಬಿಟ್ರು."